ರವಿಕೆಯ ತೋಳಿನಲ್ಲಿ ಒಂದು ಕಣ್ಣು

ಸುಳ್ಯದಲ್ಲಿ ಸುಬ್ರಹ್ಮಣ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಿತ್ತುಹೋದ ಚೀಲದ ಪಟ್ಟಿ ಹೊಲಿಸಲು ಟೈಲರ್ ಹಮೀದ್ ಕಾಕನ ಅಂಗಡಿ ಹೊಕ್ಕೆ. ಒಬ್ಬ ತರುಣಿ ಮೇಜಿನ ಮೇಲೆ ರವಿಕೆಯ ಅಳತೆ ಕಾಗದಗಳನ್ನು ಮಗುಚಿ ಜೋಡಿಸುತ್ತಿದ್ದಳು. ಕಾಕನ ತಂದೆ ಪುತ್ತೂರಿನ ಟಾಕೀಸಿನಿಂದ ಹಳೆಯ ಪೋಸ್ಟರ್ ತಂದು, ಹಿಂಬದಿಗೆ ಗೆರೆ ಎಳೆದು ಕತ್ತರಿಸಿದ ಕಾಗದಗಳು ಅವು. ಬೆನ್ನಿನ ತುಂಡಿನಲ್ಲಿ ನಾಯಕಿಯ ಜಡೆ, ಎದೆಯ ತುಂಡಿನಲ್ಲಿ ಅರ್ಧ ಮುಖ. ಕುಂಚ ಹಚ್ಚಿದ ಕೆನ್ನೆಯ ಕೆಂಪು ಇನ್ನೂ ಮಾಸಿಲ್ಲ. ಎಡಗಣ್ಣು ಮಾತ್ರ ಕಾಕನ ಕೈಯಲ್ಲಿತ್ತು, ದಿನವೂ ಬೇಕಾಗುವ ತೋಳಿನ ಅಳತೆಯಾಗಿ.

"ಅದೊಂದು ಕೊಡಿ ಕಾಕ, ಮುಖ ಪೂರ್ತಿ ಆಗ್ತದೆ."

"ಕಣ್ಣು ನಿನಗೆ ಕೊಟ್ರೆ ತೋಳಿಗೆ ನಾನು ಎಂತ ಮಾಡುದು ಮಾರಾಯ್ತಿ? ಸುಳ್ಯದ ಅರ್ಧ ಹೆಂಗಸರ ತೋಳು ಇದರಲ್ಲೇ ಉಂಟು."

ಅವಳು ತುಳು ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಪೋಸ್ಟರ್ ಮಾಡುವವಳು. ತನ್ನ ಚೀಲದಿಂದ ತಾನೇ ಮಾಡಿದ ಹೊಸ ಪೋಸ್ಟರ್ ತೆಗೆದು ಬಿಚ್ಚಿದಳು: ನೀಲಿ ಕತ್ತಲು, ನಡುವೆ ಬೆಂಕಿಕಡ್ಡಿಯಷ್ಟು ಒಬ್ಬ ಮನುಷ್ಯ.

"ತೋಳಿನ ಅಳತೆ ಇದರ ಹಿಂದೆ ಬರ್ಕೊಳ್ಳಿ. ಫ್ಲೆಕ್ಸ್ ಅಲ್ಲ, ಕಾಗದವೇ."

ಕಾಕ ಬೆರಳಲ್ಲಿ ಉಜ್ಜಿ ನೋಡಿದರು. "ದಪ್ಪ ಉಂಟು. ಆದ್ರೆ ಇವನ ತಲೆ ಹೋಗ್ತದೆ."

"ಹೋಗ್ಲಿ ಕಾಕ."

ಅದರ ಬೆನ್ನಿಗೆ ಹಳೆಯ ತೋಳಿನ ಕಾಗದವನ್ನಿಟ್ಟು ಸುತ್ತ ಚಾಕ್ ಎಳೆದು ಕತ್ತರಿ ಹಾಕಿದರು. ಅವಳು ಕಣ್ಣನ್ನು ಅದರ ಜಾಗದಲ್ಲಿಟ್ಟಳು. ನಾಯಕಿ ನಮ್ಮ ಮೂವರನ್ನೂ ನೋಡಿದಳು. ನನ್ನ ಚೀಲ ಯಾರಿಗೂ ನೆನಪಿರಲಿಲ್ಲ.

ನೆಲಕ್ಕೆ ಬಿದ್ದ ನೀಲಿ ಚೂರುಗಳನ್ನು ಕಾಕ ಗುಡಿಸಲಿಲ್ಲ. ಒಂದೊಂದೇ ಹೆಕ್ಕಿ, ಸುರುಳಿ ಸುತ್ತಿ, ನೂಲು ಕಟ್ಟಿ ಡ್ರಾಯರಿಗೆ ಹಾಕಿದರು.

"ಮುಂದೆ ಯಾರಾದ್ರೂ ಜೋಡಿಸ್ಲಿಕ್ಕೆ ಬಂದ್ರೆ ಬೇಕಲ್ಲ?"