ಅವ್ವನಿಗೆ ನೀರು ಕೊಡದ ದಿನ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ನನ್ನ ತಂಗಿಯ ಮಗಳ ಮದುವೆಯ ದಿನ, ನಾನು ನನ್ನ ಅವ್ವನಿಗೆ ನೀರು ಕೊಡಲಿಲ್ಲ. ಇಷ್ಟು ನೇರವಾಗಿ ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಅರ್ಧ ಲೋಟ ಕುಡಿದರೂ ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕಾಗುತ್ತಿತ್ತು. ಹಿಂದಿನ ತಿಂಗಳು ಹೆಣ್ಣಿನ ಕಡೆಯವರೆಲ್ಲ ಬೆಟ್ಟದಪುರದಿಂದ ಹುಣಸೂರಿಗೆ ಜವಳಿ ತರಲು ಹೋದಾಗ, ಅವಳಿಗಾಗಿ ಬಾಡಿಗೆ ವ್ಯಾನನ್ನು ಮೂರು ಕಡೆ ನಿಲ್ಲಿಸಬೇಕಾಯಿತು. ಮೂರನೆಯ ಸಲ ನನ್ನ ಹೆಂಡತಿಯ ತಮ್ಮ ಕಿಟಕಿಯಿಂದ ತಲೆ ಹಾಕಿ, "ಏನತ್ತೆ, ದಾರಿ ಉದ್ದಕ್ಕೂ ಒಗೆಸೊಪ್ಪಿನ ಸಸಿಗೆ ನೀರು ಬುಡ್ತಾ ಬತ್ತಿದ್ದೀಯಾ?" ಎಂದ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಮದುವೆ ಕೆ.ಆರ್. ನಗರದ ಛತ್ರದಲ್ಲಿ. ಹಿಂದಿನ ಸಂಜೆಯೇ ಹೆಂಡತಿಗೆ ಹೇಳಿದೆ: "ನಾಳೆ ಬಸ್ ಇಳಿಯೋಗಂಟ ಅವ್ವಂಗೆ ನೀರು ಗೀರು ಕೊಡಬ್ಯಾಡ."

"ಬಿಸ್ಲು ಕಣ್ರೀ. ಒಂದು ಲೋಟನಾದ್ರೂ..."

"ಒಂದಿನಕ್ಕೆ ಏನೂ ಆಗಕ್ಕಿಲ್ಲ, ಸುಮ್ಕಿರು."

ಬಸ್ಸು ಹತ್ತುವಾಗ ಮಂಡಿ ನೋಯದಿರಲೆಂದು ಬೆಳಿಗ್ಗೆ ಅಂಗಡಿಯ ನೋವಿನ ಮಾತ್ರೆಯೊಂದನ್ನು ಎರಡೇ ಗುಟುಕಿನಲ್ಲಿ ನುಂಗಿಸಿದೆ. ಛತ್ರದಲ್ಲಿ ಯಾರೋ ಅವಳ ಕೈಗೆ ಪಾನಕದ ಲೋಟ ಕೊಟ್ಟಿದ್ದರು. ಅದನ್ನೂ ತೆಗೆದುಕೊಂಡೆ. "ವಾಪಸ್ ಬಸ್ ಅತ್ತಬೇಕಲ್ಲವ್ವಾ."

"ಆಯ್ತು ಬುಡು ಮಗ, ನಂಗೇನು ಅಂತಾ ಬಾಯಾರಿಕೆ ಇಲ್ಲ" ಎಂದಳು.

ಊಟದ ಪಂಕ್ತಿಯಲ್ಲಿ ಅವ್ವ ನನ್ನನ್ನು "ಅಣ್ಣಾ" ಎಂದು ಕರೆದಳು. ಪಕ್ಕದವರು ನಕ್ಕರು. ಅವಳ ಅಣ್ಣ ಸತ್ತು ಇಪ್ಪತ್ತು ವರ್ಷವಾಗಿತ್ತು. ನೋಡನೋಡುತ್ತಿದ್ದಂತೆ ಎಲೆಯ ಮೇಲೆಯೇ ವಾಲಿಬಿಟ್ಟಳು.

ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ಹೊತ್ತೊಯ್ದೆವು. ಡಾಕ್ಟರು ಅವಳ ನಾಲಿಗೆ ನೋಡಿ, ತೋಳಿನ ಚರ್ಮ ಚಿವುಟಿ, "ನೀರು ಕುಡಿಸಿದ್ರಾ ಇವರಿಗೆ?" ಎಂದರು.

"ಕೊಟ್ರೂ ಕುಡಿಯಕ್ಕಿಲ್ಲ ಸಾರ್" ಎಂದೆ. ಬೆಳಿಗ್ಗೆ ನೋವಿನ ಮಾತ್ರೆ ಕೊಟ್ಟದ್ದನ್ನು ಮಾತ್ರ ಹೇಳಿದೆ. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದಳು.

ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. "ವಯಸ್ಸಾಗ್ತಾ ಎಲ್ಲರ ಕಿಡ್ನಿನೂ ಸ್ವಲ್ಪ ಕುಗ್ಗುತ್ತೆ. ರಕ್ತ ಸೋಸೋ ಸಣ್ಣ ಸಣ್ಣ ಜರಡಿಗಳು ಕಮ್ಮಿ ಆಗ್ತವೆ. ಅದು ಕಾಯಿಲೆ ಅಲ್ಲ, ದಿನದ ಕೆಲಸಕ್ಕೆ ಅಷ್ಟು ಸಾಕು. ಆದ್ರೆ ನೀರು ಕಮ್ಮಿಯಾದಾಗ ಹರೆಯದವರ ಕಿಡ್ನಿ ಹಿಡಿದಿಟ್ಕೊಳ್ಳೋ ಹಾಗೆ ಇದು ಹಿಡಿಯಲ್ಲ. ಕುಡೀಲಿ ಬಿಡಲಿ, ಹೊರಗೆ ಹಾಕ್ತಾ ಇರುತ್ತೆ. ಬಾಯಾರಿಕೆನೂ ಸರಿಯಾಗಿ ಗೊತ್ತಾಗಲ್ಲ. ಅದರ ಮೇಲೆ ನೋವಿನ ಮಾತ್ರೆ ಬೇರೆ, ಮೈಯಲ್ಲಿ ನೀರಿಲ್ಲದಾಗ ಅದು ಕಿಡ್ನಿ ಕೆಲಸಾನೇ ನಿಲ್ಲಿಸಿಬಿಡಬಹುದು! ಡ್ರಿಪ್ ಹಾಕಿದ್ದೀನಿ. ಸಂಜೆಯೊಳಗೆ ಮೂತ್ರ ಬರಬೇಕು. ಬರ್ಲಿಲ್ಲ ಅಂದ್ರೆ ಮೈಸೂರಿಗೆ ಸಾಗಿಸಿ. ಆಮೇಲೆ ನನ್ನ ಕೈಲಿಲ್ಲ."

ಅವ್ವನ ವಯಸ್ಸು ತಲುಪಿರುವ ನನ್ನ ಮೈಯಲ್ಲಿ ಆ ಮಾತುಗಳು ಈಗ ಒಂದೊಂದಾಗಿ ನಿಜವಾಗುತ್ತಿವೆ. ಮಧ್ಯಾಹ್ನದ ಬಿಸಿಲಿನಲ್ಲೂ ಬಾಯಾರಿಕೆ ಅನ್ನಿಸದ ದಿನ ಹೆದರಿಕೆಯಾಗುತ್ತದೆ.

ಮಂಚದ ಅಂಚಿಗೆ ಮೂತ್ರ ಹಿಡಿಯುವ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ನಾನು ನೆಲದ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದೆ. ಚಪ್ಪಟೆಯಾಗಿ ಒಣಗಿತ್ತು. ಒಂದು ಬಾಟಲಿ ಡ್ರಿಪ್ ಮುಗಿಯಿತು, ಎರಡನೆಯದು ಹಾಕಿದರು. ಚೀಲ ಹಾಗೇ ಇತ್ತು. ಬೆಟ್ಟದ ಮಲ್ಲಯ್ಯನಿಗೆ ಹರಕೆ ಹೊತ್ತೆ. ಅವ್ವ ಸತ್ತರೆ ಎಂದು ಹೆದರಿದ್ದೆ, ನಿಜ. ಎದ್ದು ಎಲ್ಲರ ಮುಂದೆ ನಡೆದದ್ದನ್ನು ಹೇಳಿಬಿಟ್ಟರೆ ಎಂದೂ ಹೆದರಿದ್ದೆ.

ನಾಲ್ಕು ಗಂಟೆಗೆ ಹೆಂಡತಿಯ ತಮ್ಮ ಬಂದ. "ಬಸ್ ಒರಡ್ತದೆ ಕಣ್ ಭಾವ. ಏನ್ ಮಾಡಣ?"

"ಓಗ್ರಪ್ಪ" ಎಂದೆ. ಅವನು ಚೀಲದ ಕಡೆ ನೋಡಿದ. ತಮಾಷೆ ಮಾಡಲಿಲ್ಲ.

ಅವನು ಹೋಗಿ ಬಹಳ ಹೊತ್ತಾದ ಮೇಲೆ ಕೊಳವೆಯಲ್ಲಿ ಕಂದು ಬಣ್ಣದ ಹನಿಯೊಂದು ಇಳಿಯಿತು. ಅದರ ಹಿಂದೆ ಇನ್ನೊಂದು. ನರ್ಸಮ್ಮ ಬಗ್ಗಿ ನೋಡಿ ಡಾಕ್ಟರನ್ನು ಕೂಗಿದರು. ಕತ್ತಲಾಗುವ ಮೊದಲು ಅವ್ವ ಕಣ್ಣು ಬಿಟ್ಟಳು.

"ಸ್ವಲ್ಪ ಸ್ವಲ್ಪ ಕುಡೀರಜ್ಜಿ" ಎಂದು ನರ್ಸಮ್ಮ ಲೋಟ ಹಿಡಿದರು. ಅವ್ವ ಬಾಯಿ ತೆರೆಯಲಿಲ್ಲ. ಕಣ್ಣಿನಲ್ಲೇ ನನ್ನನ್ನು ಹುಡುಕಿದಳು.

"ಕುಡೀಲಾ ಮಗ?"

"ಅದಕ್ಕೂ ಮಗನ್ನ ಕೇಳಬೇಕೇನಜ್ಜಿ?" ನರ್ಸಮ್ಮ ನಕ್ಕರು.

ಹೆಂಡತಿ ಲೋಟ ತೆಗೆದುಕೊಂಡು ಅವ್ವನ ತುಟಿಗೆ ಹಿಡಿದಳು.

ಅವ್ವ ಆಮೇಲೆ ಮೂರು ವರ್ಷ ಬದುಕಿದ್ದಳು. ಅಂದಿನ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ನಾನು ಮನೆಯಲ್ಲಿರುವಾಗ ಅವಳು ನೀರು ಕೇಳಿದ್ದೂ ನನಗೆ ನೆನಪಿಲ್ಲ.