ಮೆತ್ತಗೆ ಓಡಿದ ನಾಲ್ಕು ದಿನ

ಲಿಂಗಪ್ಪ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಸುಂಕದಕಟ್ಟೆಯ ಟೆಂಪೋ ಸ್ಟ್ಯಾಂಡಿನಲ್ಲಿ ಹದಿನೆಂಟು ವರ್ಷದಿಂದ ಡೀಸೆಲ್ ಗಾಡಿ ಓಡಿಸ್ತಿದ್ದ. ಇಟ್ಟಿಗೆ, ಮರಳು, ಮನೆ ಸಾಮಾನು, ಏನು ಹೇರಿದರೂ ಆಗಲ್ಲ ಅನ್ನದ ಮನುಷ್ಯ. ಅಲ್ಲಿದ್ದ ಆರು ಡ್ರೈವರುಗಳಲ್ಲಿ ಅವನೇ ಹಿರಿಯ, ಉಳಿದ ಐದೂ ಜನ ಅವನ ಮಾತು ಮೀರ್ತಿರಲಿಲ್ಲ. ಅನರ್ಥ ಆಗಿದ್ದೇ ಅದರಿಂದ.

ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ ಒಂದು ಕಾಲೇಜಿನಿಂದ ಗಗನಾ ಅನ್ನೋ ಹುಡುಗಿ ಬಂದಳು. ಗಾಡಿ ಹಿಂದೆ ಪೆಟ್ಟಿಗೆಯಂಥ ಮೆಷಿನ್ ಇಟ್ಟು, ಸೈಲೆನ್ಸರಿಗೆ ಪೈಪ್ ಸಿಕ್ಕಿಸಿ, ರೋಡಿನಲ್ಲಿ ಓಡುವಾಗಲೇ ಹೊಗೆ ಅಳೀತಾಳಂತೆ. ಮಸಿ ಒಂದು ಬಿಳಿ ಕಾಗದದ ಮೇಲೆ ಕೂರುತ್ತೆ, ಕಾರ್ಬನ್ ಎಷ್ಟು ಅಂತ ಲ್ಯಾಪ್‌ಟಾಪಿನಲ್ಲಿ ಬರುತ್ತೆ. "ಸೋಮವಾರದಿಂದ ನಾಲ್ಕು ದಿನ ಅಣ್ಣ. ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ, ಸಾಕು" ಅಂದಳು.

ಲಿಂಗಪ್ಪನ ತಲೆಗೆ ಹೋಗಿದ್ದೇ ಬೇರೆ. ಗಾಡಿ ನೋಡೋಕೆ ಯಾರೋ ಬರ್ತಾರೆ ಅಂದರೆ ಅವನ ಪಾಲಿಗೆ ಅದು ಎಫ್‌ಸಿ, ಗಾಡಿ ಓಡಿಸಬಹುದು ಅಂತ ವರ್ಷಾ ವರ್ಷ ತಗೊಳ್ಳೋ ಸರ್ಟಿಫಿಕೇಟು. ಎಫ್‌ಸಿಗೆ ಮುಂಚೆ ಅವರೆಲ್ಲ ಬಾಪೂಜಿ ನಗರದ ಮೆಕ್ಯಾನಿಕ್ ಅಮೀನಪ್ಪನ ಹತ್ತಿರ ಹೋಗೋದು ವಾಡಿಕೆ. ಅವನು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಮ್ಮಿ ಬಿಡ್ತಾನೆ, ಹೊಗೆ ಇಳಿಯುತ್ತೆ. ಸರ್ಟಿಫಿಕೇಟ್ ಸಿಕ್ಕ ಮಾರನೇ ದಿನವೇ ಸ್ಕ್ರೂ ವಾಪಸ್, ಇಲ್ಲದಿದ್ದರೆ ಲೋಡ್ ಎಳೆಯಲ್ಲ. "ಮನೆಗೆ ನೆಂಟ್ರು ಬರ್ತಾರೆ ಅಂದ್ರೆ ಕಸ ಗುಡಿಸಲ್ವೇನ್ರೋ? ಎಲ್ಲಾರೂ ಅಮೀನಪ್ಪನ್ ಹತ್ರ ಹೋಗ್ಬನ್ನಿ" ಅಂತ ಐದೂ ಜನರನ್ನು ಅಟ್ಟಿದ, ತಾನೂ ಹೋದ. ಆ ನಾಲ್ಕು ದಿನ ಆರೂ ಗಾಡಿ ಅರ್ಧ ಲೋಡು ಹೊತ್ತು ಮದುವೆ ಹೆಣ್ಣಿನ ಹಾಗೆ ಮೆತ್ತಗೆ ಓಡಿದವು. ಕಾಗದ ಕಪ್ಪಾಗಲೇ ಇಲ್ಲ. ಗಗನಾ ಹುಬ್ಬೇರಿಸಿ ಬರೆದುಕೊಂಡಳು, ನಮ್ಮ ಲಿಂಗಪ್ಪ ಮೀಸೆ ತಿರುವಿದ.

ಹದಿನೈದು ದಿನದ ಮೇಲೆ ಅವಳ ಫೋನ್ ಬಂತು.

"ಅಣ್ಣ, ನಿಮ್ ಗಾಡಿಗಳು ಕ್ಲೀನ್ ಅಂತ ನಾಳೆ ಪಾಲಿಕೆಗೆ ರಿಪೋರ್ಟ್ ಕೊಡ್ತಾ ಇದೀನಿ. ಹೊಗೆ ತಡೆಯಕ್ಕಾಗ್ತಿಲ್ಲ, ಸ್ಟ್ಯಾಂಡ್ ಬೇರೆ ಕಡೆ ಹಾಕಿ ಅಂತ ಎದುರುಮನೆ ಅಜ್ಜಿ ಅಲ್ಲಿ ಅರ್ಜಿ ಕೊಟ್ಟಿದ್ರಂತೆ. ಇದನ್ನ ನೋಡಿ ಅದನ್ನ ವಜಾ ಮಾಡ್ತಾರೆ."

ಎದುರುಮನೆ ಅಜ್ಜಿ ಅಂದರೆ ಅಕ್ಕಯ್ಯಮ್ಮ. ಉಬ್ಬಸದ ಜೀವ, ಬೇಸಗೆಯಲ್ಲಿ ಈ ಡ್ರೈವರುಗಳನ್ನೇ ಕರೆದು ಮಜ್ಜಿಗೆ ಕೊಡೋ ತಾಯಿ. ಲೋಡ್ ಹೊತ್ತ ಆರೂ ಗಾಡಿ ಅವಳ ಮನೆ ಮುಂದಿನ ಏರು ಹತ್ತುವಾಗಲೇ ಹೊಗೆ ಉಗುಳೋದು. ಅರ್ಜಿ ವಿಷಯ ಅವನಿಗೆ ಗೊತ್ತಿರಲಿಲ್ಲ, ನಿಜ. ಗೊತ್ತಿದ್ದಿದ್ದರೆ ಸ್ಕ್ರೂ ಮುಟ್ಟದೆ ಬಿಡ್ತಿದ್ದನಾ? ಸ್ಟ್ಯಾಂಡ್ ಹೋದರೆ ಗಿರಾಕಿ ಹೋಗ್ತಾರಲ್ಲ. ಬಿಡ್ತಿರಲಿಲ್ಲ ಅಂತ ಅವನಿಗೇ ಅನ್ನಿಸಿತು, ಅದಕ್ಕೇ ಇನ್ನಷ್ಟು ನಾಚಿಕೆ ಆಯ್ತು.

ಸಂಜೆ ಅವಳ ಜಗಲಿಗೆ ಹೋಗಿ ಎಲ್ಲವನ್ನೂ ಒದರಿಬಿಟ್ಟ. ಪಂಪು, ಸ್ಕ್ರೂ, ಅರ್ಧ ಲೋಡು, ಐದೂ ಜನಕ್ಕೆ ಹೇಳಿಕೊಟ್ಟಿದ್ದೂ ತಾನೇ ಅಂತ. "ತಪ್ಪಾಯ್ತಮ್ಮ. ಮಜ್ಜಿಗೆ ಕುಡಿದ ಮನೆಗೇ ದ್ರೋಹ ಮಾಡ್ದೆ."

ಬೈತಾಳೆ ಅಂದುಕೊಂಡಿದ್ದ. ಬೈದಿದ್ದರೆ ಬದುಕ್ತಿದ್ದ. ಅಕ್ಕಯ್ಯಮ್ಮ ಬೈಯಲಿಲ್ಲ.

"ಅದಾ ಸಮಾಚಾರ" ಅಂದಳು. "ಒಂದ್ ನಾಲ್ಕು ದಿನ ನಂಗೆ ಎದೆ ಹಗುರಾಗಿತ್ತು ಕಣಪ್ಪ. ಕೆಮ್ಮದೆ ನಿದ್ದೆ ಮಾಡ್ದೆ. ಡಾಕ್ಟ್ರು ಕೊಟ್ಟ ಹೊಸ ಮಾತ್ರೆ ಹಿಡೀತು ಅಂತ ದೇವ್ರಿಗೆ ತುಪ್ಪದ ದೀಪ ಬೇರೆ ಹಚ್ಚಿದ್ದೆ. ಮಾತ್ರೆ ಅಲ್ಲ ಹಂಗಾದ್ರೆ." ಆಮೇಲೆ ಕೇಳಿದಳು, "ಅದನ್ನ ದಿನಾ ಮಾಡಕ್ಕಾಗಲ್ವಾ ಲಿಂಗಪ್ಪ?"

ಆಗುತ್ತಿತ್ತು. ಲೋಡ್ ಕಮ್ಮಿ ಹೇರಬೇಕು, ಒಂದೆರಡು ಟ್ರಿಪ್ ಜಾಸ್ತಿ ಹೊಡೀಬೇಕು, ಅಷ್ಟೆ. ಹದಿನೆಂಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಅವನೂ ಯೋಚಿಸಿರಲಿಲ್ಲ. ಅವಳ ಮುಖ ನೋಡಲಾಗದೆ ಅಲ್ಲೇ ಕೂತು ಗಗನಾಗೆ ಫೋನ್ ಮಾಡಿದ.

"ಮೇಡಂ, ನಾಳೆ ರಿಪೋರ್ಟ್ ಕೊಡ್ಬೇಡಿ. ಅದು ಸುಳ್ಳು, ಮಾಡ್ಸಿದ್ದು ನಾನು. ಇನ್ನೊಂದ್ಸಲ ಬಂದು ಅಳೀರಿ. ಈ ಸಲ ಯಾವತ್ತು ಬರ್ತೀರಿ ಅಂತ ನಂಗೂ ಹೇಳ್ಬೇಡಿ."