ಏನೂ ಆಗದ ಚಿತ್ರ

ಏನೂ ಆಗದ ಸಿನಿಮಾ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಒಂದು ಹೊಡೆದಾಟ, ಹೋಗಲಿ, ಒಂದು ಮದುವೆಯಾದರೂ ಬೇಡವೇ? ಇಂಥವನ ಗ್ರಹಚಾರ ನೋಡಿ. ನಾವಿರುವ ಮೆಲಾಕಾ ಊರಿಗೂರೇ ಬಾಗಿಲು ಹಾಕಿಕೊಂಡ ಕೊರೋನಾ ದಿನಗಳಲ್ಲಿ, ಸಿನಿಮಾ ಓದುವ ಮಗಳು ದಿಯಾ ಕ್ಲಾಸಿಗೆಂದು ಟಿವಿಯಲ್ಲಿ ಹಾಕುತ್ತಿದ್ದದ್ದೆಲ್ಲ ಜಪಾನಿನ ಹಳೆಯ ವಿಡಿಯೋ ಪ್ರಯೋಗಗಳು.

ಹೊತ್ತು ತಿರುಗಬಹುದಾದ ವಿಡಿಯೋ ಕ್ಯಾಮೆರಾ ಆಗಷ್ಟೇ ಅಲ್ಲಿನವರ ಕೈಗೆ ಸಿಕ್ಕಿತ್ತಂತೆ. ಒಬ್ಬ ಪುಣ್ಯಾತ್ಮ ಅದನ್ನು ಟಿವಿಗೇ ತಿರುಗಿಸಿದ್ದ. ಟಿವಿಯೊಳಗೆ ಟಿವಿ, ಅದರೊಳಗೆ ಇನ್ನೊಂದು, ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳ ಹಾಗೆ. ಇನ್ನೊಬ್ಬ ಕಲ್ಲೊಂದರ ಮುಂದೆ ಕ್ಯಾಮೆರಾ ಇಟ್ಟು ಚಹಾ ಕುಡಿಯಲು ಹೋದಂತಿತ್ತು. ಚಿತ್ರ ಸಿಕ್ಕಿಕೊಂಡಿತೆಂದು ನಾನು ರಿಮೋಟು ಕುಟ್ಟಿದೆ.

"ನಾಟ್ ಸ್ಟಕ್ ಲಾ, ಅಪ್ಪ. ಲುಕ್ ಅಟ್ ದ ಕಾರ್ನರ್."

ಮೂಲೆಯಲ್ಲೊಂದು ಹುಲ್ಲಿನೆಸಳು ಅಲ್ಲಾಡುತ್ತಿತ್ತು.

"ಹುಲ್ಲು ನೋಡ್ಲಿಕ್ಕೆ ಕಾಲೇಜು ಬೇಕಾ?" ಎಂದೆ.

ನನ್ನಜ್ಜಿ ಇದ್ದಿದ್ದರೆ ಜಪಾನಿನವರ ಪಕ್ಷ ಹಿಡಿಯುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು, ನನ್ನನ್ನು ಕಾವಲಿಗೆ ಕೂರಿಸಿ, "ಕಣ್ಣು ತೆಗಿಬೇಡ ಮಗಾ, ನೋಡ್ತಾ ಇದ್ರೆ ಉಕ್ಕುದಿಲ್ಲ" ಅನ್ನುತ್ತಿದ್ದರು. ಎಷ್ಟು ನೋಡಿದರೂ ಏನೂ ಆಗುತ್ತಿರಲಿಲ್ಲ. ಕಾವಲೆಂದರೆ ಅದೇ ಅಂತ ಆಗ ಹೊಳೆದಿರಲಿಲ್ಲ.

ಹೊಳೆಯುವ ದಿನವೂ ಬಂತು. ಡಾಕ್ಟರಾದ ನನ್ನ ಹೆಂಡತಿ ಸುಮಾ ಸೋಂಕು ಅಂಟಿಸಿಕೊಂಡು ಮಹಡಿಯ ಕೋಣೆ ಸೇರಿದಳು. ಜ್ವರ ಇಳಿಯಲೊಲ್ಲದು. ಹಾಸಿಗೆ ಖಾಲಿಯಾದರೆ ಕರೆಯುತ್ತೇವೆ, ಅಲ್ಲಿವರೆಗೆ ಉಸಿರಾಟ ಗಮನಿಸುತ್ತಿರಿ ಎಂದರು ಆಸ್ಪತ್ರೆಯವರು. ಮುಚ್ಚಿದ ಬಾಗಿಲಾಚೆಯ ಉಸಿರನ್ನು ಗಮನಿಸುವುದು ಹೇಗೆ? ದಿಯಾ ತನ್ನ ಅಮ್ಮನಿಗೆ ಫೋನನ್ನು ಪೌಡರ್ ಡಬ್ಬಕ್ಕೆ ಒರಗಿಸಿಡಲು ಹೇಳಿ, ವಿಡಿಯೋ ಕಾಲನ್ನು ಟಿವಿಗೆ ಹಾಕಿದಳು.

ಈಗ ಟಿವಿ ತುಂಬ ಒಂದು ಹೊದಿಕೆ. ಏಳುತ್ತದೆ, ಇಳಿಯುತ್ತದೆ. ಮಾಮಾಕ್ ಹೋಟೆಲಿನಿಂದ ತಪಾವ್ ಪಾರ್ಸೆಲ್ ಕಟ್ಟಿಸಿ ತಂದ ಊಟ ಆರಿ ತಣ್ಣಗಾಯಿತು. ಈ ಕಥೆಗೆ ಯಾವ ತಿರುವೂ ಬರಬಾರದು ದೇವರೇ ಎಂದು ಕೂತಿದ್ದೆ.

ಮಧ್ಯಾಹ್ನ ಹೊದಿಕೆ ನಿಂತಿತು.

ಇಳಿದದ್ದು ಏಳಲಿಲ್ಲ. ಮೂಲೆ, ಮೂಲೆ ನೋಡು ಅಂದಿದ್ದಳಲ್ಲ ಮಗಳು! ಅಲ್ಲಿ ಫ್ಯಾನಿನ ಗಾಳಿಗೆ ಸದಾ ಆಡುವ ಪರದೆಯಿತ್ತು. ಅದೂ ಆಡುತ್ತಿರಲಿಲ್ಲ. ನಿಂತಿರುವುದು ಚಿತ್ರ ಮಾತ್ರ ಎಂದಿತು ಬುದ್ಧಿ. ಕಾಲು ಕೇಳಬೇಕಲ್ಲ! ಮೆಟ್ಟಿಲೇರಿ ಬಾಗಿಲು ಬಡಿದೆ. "ಸುಮಾ!"

"ಎಂಥ ಮಾರಾಯ್ರೆ? ಈಗಷ್ಟೇ ನಿದ್ದೆ ಹತ್ತಿದ್ದು!"

ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿಯೇ ಇಲ್ಲ.

ಆಸ್ಪತ್ರೆಯ ಕರೆ ಬರುವ ಮೊದಲೇ ಜ್ವರ ಇಳಿಯಿತು. ಹೊರಬಂದವಳು ಕೇಳಿದಳು, "ದಿನವಿಡೀ ನನ್ನನ್ನೇ ನೋಡ್ತಿದ್ರಂತೆ. ಎಂಥ ಇತ್ತು ನೋಡ್ಲಿಕ್ಕೆ?"

"ಎಂಥದೂ ಆಗ್ಲಿಲ್ಲ" ಎಂದೆ.

"ಹೀ ಲವ್ಡ್ ಇಟ್, ಅಮ್ಮ" ಎಂದಳು ದಿಯಾ.

ಈಗ ಕಲ್ಲಿನ ಚಿತ್ರ ಹಾಕಿದರೆ ಮೂವರೂ ಕೂರುತ್ತೇವೆ. ಸುಮಾಳಿಗೆ ಕೂತಲ್ಲೇ ಜೋಂಪು. ನಾನು ಒಂದು ಕಣ್ಣನ್ನು ಕಲ್ಲಿನ ಮೇಲೆ, ಇನ್ನೊಂದನ್ನು ಅವಳ ಶಾಲಿನ ಮೇಲೆ ಇಟ್ಟಿರುತ್ತೇನೆ.